ಕಾರಿಂಜದ ಗದಾತೀರ್ಥ: ಊರ ನೀರು ಯಾರದೆಂಬ ವಿಚಾರ

1

ಈಜುಕೊಳವೆಂಬ ಮಾತು ನಮ್ಮ ಭಾಷೆಗೆ ಈಚೆಗೆ ಬಂದದ್ದು. ನಗರಸಭೆಗಳೂ ವಿದ್ಯಾಶಾಲೆಗಳೂ ಚೌಕವಾಗಿ ಕಟ್ಟಿಸಿ, ನೀರನ್ನು ಶೋಧಿಸಿ ತುಂಬಿ, ಹೊತ್ತು ಗೊತ್ತುಗಳನ್ನು ನೇಮಿಸಿ, ಇಷ್ಟು ಹಣವೆಂದು ತೆತ್ತವರನ್ನು ಒಳಗೆ ಬಿಡುವ ಕೊಳಕ್ಕೆ ಈಗ ಆ ಹೆಸರು ಸಲ್ಲುತ್ತದೆ. ಆದರೆ ಈ ಹೆಸರು ಹುಟ್ಟುವುದಕ್ಕೆ ಬಹುಕಾಲ ಮುಂಚಿನಿಂದಲೂ ನಮ್ಮ ನಾಡಿನಲ್ಲಿ ಬಯಲೊಳಗಣ ಜಲಾಶಯಗಳಲ್ಲಿ ಊರವರೂ ದಾರಿಗರೂ ಇಳಿದು ಮೀಯುತ್ತಲೂ ಈಜುತ್ತಲೂ ಇದ್ದರು. ಅಂಥ ಜಲಾಶಯವೊಂದನ್ನು ಎದುರಿಗಿಟ್ಟುಕೊಂಡು, ಅದನ್ನು 'ಸಾರ್ವಜನಿಕ'ವೆಂದು ಕರೆಯುವಾಗ ನಾವು ಹೇಳುತ್ತಿರುವುದೇನು ಎಂಬುದನ್ನು ವಿಚಾರಿಸಬೇಕೆಂಬುದು ಪ್ರಕೃತ ಲೇಖನದ ಉದ್ದೇಶ. ಇದು ಕೇವಲ ಸ್ಥಳವರ್ಣನೆಯ ವಿಷಯವಲ್ಲ. ಕಾವ್ಯ, ಧರ್ಮಶಾಸ್ತ್ರ, ಶಾಸನ, ಕಾದಂಬರಿ, ಕಡೆಗೆ ರಾಜ್ಯಶಾಸನ ಇವೆಲ್ಲವೂ ಒಂದು ಕೊಳದ ದಡದಲ್ಲಿ ಬಂದು ಸೇರುವುದನ್ನು ವಾಚಕರು ಮುಂದೆ ಕಾಣುವರು.

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯಲ್ಲಿ ಇಂಥ ಜಲಾಶಯಗಳಿಗೆ ಕೊರತೆಯಿಲ್ಲ. ಮೂಡುಬಿದಿರೆಯವರು ತಮ್ಮ ಊರಿಗೆ ಹದಿನೆಂಟು ಬಸದಿ, ಹದಿನೆಂಟು ದೇವಸ್ಥಾನ, ಹದಿನೆಂಟು ಕೆರೆ ಎಂದು ಲೆಕ್ಕ ಹೇಳುವುದುಂಟು. ಧರ್ಮಸ್ಥಳಕ್ಕೆ ಬರುವ ಯಾತ್ರಿಕರು ಮೊದಲು ನೇತ್ರಾವತಿಯ ಸ್ನಾನಘಟ್ಟದಲ್ಲಿ ಮಿಂದು ಅನಂತರ ದೇವರ ದರ್ಶನಕ್ಕೆ ಹೋಗುತ್ತಾರೆ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮಡುವಿನಲ್ಲಿ ಮೀನುಗಳು ದೇವರ ಮೀನುಗಳೆಂದು ರಕ್ಷಿತವಾಗಿದ್ದು, ಆ ಸ್ಥಳವು ಮತ್ಸ್ಯತೀರ್ಥವೆನಿಸಿದೆ. ಇವುಗಳೊಳಗೆ ನಾವು ವಿಚಾರಕ್ಕೆ ಆರಿಸಿಕೊಂಡಿರುವುದು ಬಂಟ್ವಾಳ ತಾಲ್ಲೂಕಿನ ಕಾರಿಂಜದ ಗದಾತೀರ್ಥವನ್ನು.

2

ಬಂಟ್ವಾಳದಿಂದ ಬೆಳ್ತಂಗಡಿಗೆ ಹೋಗುವ ಹೆದ್ದಾರಿಯಲ್ಲಿ ವಗ್ಗವೆಂಬ ಊರು ಸಿಕ್ಕುತ್ತದೆ. ಅಲ್ಲಿಂದ ಕವಲೊಡೆದ ದಾರಿಯಲ್ಲಿ ಮುಂದುವರಿದರೆ ಸುತ್ತಣ ಕಾಡಿನ ಹಸುರಿನ ನಡುವೆ ಏಕಶಿಲೆಯಂತೆ ಎದ್ದು ನಿಂತ ಕಾರಿಂಜದ ಬೆಟ್ಟವು ದೂರದಿಂದಲೇ ಕಾಣುತ್ತದೆ. ಬೆಟ್ಟದ ನೆತ್ತಿಯ ಮೇಲೆ ಈಶ್ವರನ ಗುಡಿ, ಅದಕ್ಕಿಂತ ಕೆಳಗೆ ಪಾರ್ವತಿಯ ಗುಡಿ. ಬಂಡೆಯಲ್ಲಿ ಕಡಿದ ಮೆಟ್ಟಿಲುಗಳನ್ನೇರಿ ಹೋಗುವವರನ್ನು ಕೋತಿಗಳ ಹಿಂಡು ಎದುರುಗೊಳ್ಳುತ್ತದೆ. ಅವುಗಳಿಗೆ ಅನ್ನವಿಕ್ಕುವುದು ಅಲ್ಲಿಯ ನಿತ್ಯದ ಪದ್ಧತಿ. ಈ ಬೆಟ್ಟಕ್ಕೆ ಕೃತಯುಗದಲ್ಲಿ ರೌದ್ರಗಿರಿ, ತ್ರೇತೆಯಲ್ಲಿ ಗಜೇಂದ್ರಗಿರಿ, ದ್ವಾಪರದಲ್ಲಿ ಭೀಮಶೈಲ, ಕಲಿಯುಗದಲ್ಲಿ ಕಾರಿಂಜ ಎಂಬ ಹೆಸರುಗಳೆಂದು ಸ್ಥಳಪುರಾಣವು ಹೇಳುತ್ತದೆ.

ಭೀಮಶೈಲವೆಂಬ ಹೆಸರಿಗೆ ಕಾರಣವಾದ ಕಥೆ ಹೀಗಿದೆ. ವನವಾಸದಲ್ಲಿದ್ದ ಪಾಂಡವರು ಈ ಬೆಟ್ಟಕ್ಕೆ ಬಂದಾಗ ಬಾಯಾರಿಕೆಯುಂಟಾಗಲು, ಭೀಮನು ತನ್ನ ಗದೆಯನ್ನು ನೆಲಕ್ಕೆ ಅಪ್ಪಳಿಸಿದನು. ಗದೆ ಬಿದ್ದಲ್ಲಿ ನೀರು ಚಿಮ್ಮಿ ಗದಾತೀರ್ಥವಾಯಿತು. ಹೆಬ್ಬೆರಳನ್ನು ಊರಿದಲ್ಲಿ ಅಂಗುಷ್ಠತೀರ್ಥ, ಮಂಡಿಯನ್ನು ಊರಿದಲ್ಲಿ ಜಾನುತೀರ್ಥ ಉಂಟಾದುವು. ಅರ್ಜುನನು ಹಂದಿಗೆ ಬಾಣವೆಸೆದ ಕಡೆಯಲ್ಲಿ ಹಂದಿಕೆರೆಯಾಯಿತು. ಕಿರಾತವೇಷದ ಶಿವನೊಡನೆ ಹಂದಿಗಾಗಿ ಅರ್ಜುನನು ಕಾದಾಡಿದ ಕಥೆಯನ್ನು ಇಲ್ಲಿಯ ಜನ ತಮ್ಮ ಬೆಟ್ಟಕ್ಕೇ ತಂದು ನೆಲೆಗೊಳಿಸಿಕೊಂಡಿದ್ದಾರೆ. ಪಂಪನು ತನ್ನ ವಿಕ್ರಮಾರ್ಜುನವಿಜಯದಲ್ಲಿ ವರ್ಣಿಸಿದ ಪ್ರಸಂಗವೊಂದು ಹೀಗೆ ಕೆರೆಯ ಹೆಸರಾಗಿ ನಿಂತಿರುವುದು ಸಾಹಿತ್ಯವನ್ನು ಕಲಿಸುವವರಿಗೆ ಸ್ವಾರಸ್ಯವೆನಿಸದೆ ಇರದು.

ಗದಾತೀರ್ಥಕ್ಕೆ ಜನ ಹೆಚ್ಚಾಗಿ ಬಂದು ಸೇರುವುದು ಆಟಿ ಅಮಾವಾಸ್ಯೆಯ ದಿನ. ಆಟಿಯೆಂಬುದು ತುಳುವರ ಸೌರಮಾನದ ನಾಲ್ಕನೆಯ ತಿಂಗಳು; ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಬರುವ ಘೋರ ಮಳೆಯ ಕಾಲ. ಆ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮುಂಚೆ ಪಾಲೆಯ ಮರದ ತೊಗಟೆಯನ್ನು, ಕಬ್ಬಿಣವನ್ನು ಸೋಕಿಸದೆ ಕಲ್ಲಿನಿಂದಲೇ ಕೆತ್ತಿ ತಂದು, ಅದರ ಕಷಾಯವನ್ನು ಮನೆಮಂದಿಯೆಲ್ಲ ಕುಡಿಯುವುದು ತುಳುನಾಡಿನ ಪದ್ಧತಿ. ಅದೇ ದಿನ ತೀರ್ಥಸ್ನಾನವೂ ಆಗಬೇಕು. ಕಾರಿಂಜದಲ್ಲಿಯಂತೆಯೇ ಅದೇ ತಾಲ್ಲೂಕಿನ ನರಹರಿಪರ್ವತದಲ್ಲಿಯೂ ಶಂಖ, ಚಕ್ರ, ಗದಾ, ಪದ್ಮಗಳೆಂಬ ಹೆಸರಿನ ತೀರ್ಥಗಳಲ್ಲಿ ಅಂದು ಜನ ಮೀಯುತ್ತಾರೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ ಬೀಳುವ ಈ ಸೀಮೆಯಲ್ಲಿ ಆ ತಿಂಗಳಿನಲ್ಲಿ ಹೊಳೆಗಳು ಕೆಂಪಾಗಿ ಉಕ್ಕಿ ಹರಿಯುತ್ತಿದ್ದು ಇಳಿಯಲು ಬಾರದಂತಿರುತ್ತವೆ. ಬೆಟ್ಟದ ಕೊಳಗಳಾದರೋ ತುಂಬಿದ್ದರೂ ಸೆಳವಿಲ್ಲದೆ ನಿಂತಿರುತ್ತವೆ. ಹೊಳೆಯನ್ನು ಬಿಟ್ಟು ಜನರು ಕೊಳಕ್ಕೆ ಬರುವುದಕ್ಕೆ ಇದೂ ಒಂದು ಕಾರಣವಾಗಿದ್ದೀತು.

3

ಈ ಬಗೆಯ ಜಲಾಶಯಗಳನ್ನು ಕುರಿತ ನಮ್ಮ ಪದಗಳನ್ನು ಇಲ್ಲಿ ಸ್ವಲ್ಪ ಪರಿಶೀಲಿಸುವುದು ಯುಕ್ತ. ಕೆರೆಯೆಂಬುದು ಉಪಯೋಗವನ್ನು ಮುಂದಿಟ್ಟುಕೊಂಡ ಹೆಸರು. ಗದ್ದೆಗೆ ನೀರು, ದನಗಳಿಗೆ ನೀರು, ಮನೆಗೆ ನೀರು. ಕಾರ್ಕಳದ ಆನೆಕೆರೆಗೆ ಅರಸರ ಆನೆಗಳು ಅಲ್ಲಿ ಮೀಯುತ್ತಿದ್ದುದರಿಂದ ಆ ಹೆಸರು ಬಂತೆಂದು ಹೇಳುತ್ತಾರೆ. ಮಂಗಳೂರಿನ ಎಮ್ಮೆಕೆರೆಯ ಹೆಸರಿನಲ್ಲಿಯೂ ಪ್ರಾಣಿಯೊಂದಿದೆ. ಪುಷ್ಕರಣಿಯೆಂಬುದು ತಾವರೆಯನ್ನು ನೆನಪಿಗೆ ತರುವ ಹೆಸರು. ದೇವಾಲಯಕ್ಕೆ ಸೇರಿ, ಸುತ್ತಲೂ ಕಲ್ಲಿನ ಸೋಪಾನವುಳ್ಳದ್ದು. ಬಯಲುಸೀಮೆಯವರು ಅದನ್ನೇ ಕಲ್ಯಾಣಿಯೆನ್ನುತ್ತಾರೆ. ತೀರ್ಥವೆಂಬ ಮಾತಿನ ಧಾತ್ವರ್ಥವಾದರೋ ದಾಟುವ ಸ್ಥಳವೆಂಬುದು. ಮೊದಲು ಹೊಳೆಯನ್ನು ದಾಟುವ ಕಡವು, ಬಳಿಕ ನೀರಿಗಿಳಿಯುವ ಘಟ್ಟ, ಅನಂತರ ಪಾಪವನ್ನು ದಾಟಿಸುವ ಪುಣ್ಯಜಲ, ಎಂದು ಈ ಮಾತಿನ ಅರ್ಥವು ಬೆಳೆದು ಬಂದಿದೆ.

ಇವೆಲ್ಲಕ್ಕೂ ಸಾಧಾರಣವಾದ ಕ್ರಿಯಾಪದವನ್ನು ನೋಡಿದರೆ ಅದು ಅಚ್ಚ ದ್ರಾವಿಡವಾದದ್ದು. ಕನ್ನಡದಲ್ಲಿ ಈಸು, ಈಜು; ತೆಲುಗಿನಲ್ಲಿ ಈದು; ತಮಿಳು ಮಲೆಯಾಳಗಳಲ್ಲಿ ನೀಂದು; ತುಳುವಿನಲ್ಲಿ ನೀಂದುನಿ. ಇವು ಒಂದೇ ಮೂಲದಿಂದ ಬಂದುವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಮೊದಲಿನ ನಕಾರವು ಕನ್ನಡ ತೆಲುಗುಗಳಲ್ಲಿ ಬಿದ್ದುಹೋಗಿ ಉಳಿದ ಮೂರರಲ್ಲಿ ನಿಂತಿದೆ. ಕಾರಿಂಜದ ಕೊಳಕ್ಕೆ ಇಳಿಯುವ ತುಳುವನ ಮಾತಿನಲ್ಲಿ ನಕಾರವಿದೆ. ಅವನ ಪಕ್ಕದಲ್ಲಿ ಇಳಿಯುವ ಘಟ್ಟದ ಮೇಲಿನ ಕನ್ನಡಿಗನ ಮಾತಿನಲ್ಲಿ ಅದಿಲ್ಲ. ಇಬ್ಬರ ತೋಳು ಆಡುವ ಬಗೆ ಮಾತ್ರ ಒಂದೇ.

ಕೊಳದ ಕಟ್ಟಡದ ಕ್ರಮವೂ ಗಮನಾರ್ಹವಾದುದು. ಈಗಿನ ಈಜುಕೊಳದಲ್ಲಿ ನೀರಿನ ಮಟ್ಟ ಎಂದಿಗೂ ಒಂದೇ. ಯಂತ್ರದಿಂದ ನೀರನ್ನು ಸುತ್ತಿಸಿ, ಸೋಸಿ, ಕ್ಲೋರಿನನ್ನು ಬೆರಸಿ ಅದನ್ನು ಕಾಪಾಡುತ್ತಾರೆ. ಹಳೆಯ ಕೊಳದಲ್ಲಿ ಹಾಗಲ್ಲ. ಆಟಿಯಲ್ಲಿ ಮೇಲಿನ ಮೆಟ್ಟಿಲನ್ನು ಮುಟ್ಟುವ ನೀರು ವೈಶಾಖದಲ್ಲಿ ಬಹಳ ಕೆಳಕ್ಕೆ ಇಳಿದಿರುತ್ತದೆ. ಆದುದರಿಂದ ನೀರು ಯಾವ ಮಟ್ಟದಲ್ಲಿದ್ದರೂ ನಿಲ್ಲುವುದಕ್ಕೆ ಒಂದು ಮೆಟ್ಟಿಲು ಸಿಕ್ಕುವಂತೆ ದಡವನ್ನೇ ಸೋಪಾನವಾಗಿ ಕಟ್ಟುವ ಪದ್ಧತಿ ಬೆಳೆಯಿತು. ಮೆಟ್ಟಿಲುಗಳ ಸಾಲು ಹೀಗೆ ಆಳವನ್ನು ಅಳೆಯುವ ಕೋಲೂ ಆಗುತ್ತದೆ. ಕರಾವಳಿಯ ಮುರಕಲ್ಲು ಸಣ್ಣ ಸಣ್ಣ ರಂಧ್ರಗಳುಳ್ಳ ಕಲ್ಲಾದುದರಿಂದ, ಮಳೆಗಾಲದಲ್ಲಿ ಗುಡ್ಡವು ಹೀರಿಕೊಂಡ ನೀರು ಮಳೆ ನಿಂತ ಮೇಲೆಯೂ ಬಹುಕಾಲ ಒಸರುತ್ತಿದ್ದು ಕೆಳಗಣ ಕೆರೆಗಳನ್ನು ಜೀವಂತವಾಗಿಡುತ್ತದೆ. ಮಂಗಳೂರಿನ ಕದ್ರಿಯಲ್ಲಿ ದೇವಾಲಯದ ಹಿಂದಣ ಎತ್ತರದಲ್ಲಿ ಗೋಮುಖದಿಂದ ಬೀಳುವ ಒಸರುನೀರು ಕೆಳಗಿನ ಹಲವು ಕೊಳಗಳನ್ನು ತುಂಬುವುದು ಇದಕ್ಕೆ ಒಳ್ಳೆಯ ನಿದರ್ಶನ. ಇದಕ್ಕೆ ವ್ಯತ್ಯಸ್ತವಾಗಿ, ಸಿಂಧೂ ಬಯಲಿನ ಮೊಹೆಂಜೊದಾರೊದಲ್ಲಿ 1925ರ ಸುಮಾರಿಗೆ ಅಗೆದು ತೆಗೆದ ಮಹಾಸ್ನಾನಕೊಳವು ನೀರನ್ನು ಹೊರಕ್ಕೆ ಬಿಡದಂತೆ ಡಾಂಬರಿನ ಲೇಪದಿಂದ ಮುಚ್ಚಿದ ಇಟ್ಟಿಗೆಯ ಕಟ್ಟಡ. ಅದರ ಉದ್ದ ಸುಮಾರು 12 ಮೀಟರ್, ಅಗಲ 7 ಮೀಟರ್, ಆಳ 2.4 ಮೀಟರ್. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಆ ಕೊಳಕ್ಕೂ ಇಳಿಯಲು ಎರಡು ಕಡೆ ಮೆಟ್ಟಿಲುಗಳಿವೆ.

4

ಇನ್ನು ಕಾವ್ಯದ ನೀರಿಗೆ ಬರೋಣ. ಮಹಾಕಾವ್ಯದ ಲಕ್ಷಣವನ್ನು ಹೇಳುವಾಗ ದಂಡಿಯು ನಗರ, ಸಮುದ್ರ, ಪರ್ವತ, ಋತು, ಚಂದ್ರೋದಯ, ಸೂರ್ಯೋದಯಗಳ ಜೊತೆಯಲ್ಲಿ ಉದ್ಯಾನಕ್ರೀಡೆಯನ್ನೂ ಜಲಕ್ರೀಡೆಯನ್ನೂ ಎಣಿಸಿದನು. ಅಷ್ಟಾದಶವರ್ಣನೆಗಳೆಂದು ನಮ್ಮ ಕವಿಗಳು ಪಾಲಿಸಿಕೊಂಡು ಬಂದ ಸಂಪ್ರದಾಯದಲ್ಲಿ ಜಲಕೇಳಿಗೆ ಸ್ಥಿರವಾದ ಪೀಠ ದೊರೆಯಿತು. ಆದರೆ ಆ ವರ್ಣನೆಗಳ ನೀರಿನಲ್ಲಿ ಇಳಿಯುವವರು ಯಾರು? ಅರಸನೂ ಅವನ ಅಂತಃಪುರವೂ. ಕೊಳವು ಅರಮನೆಯ ತೋಟದ್ದು, ದಡದಲ್ಲಿ ಕಾವಲುಂಟು, ಊರವರು ಅಲ್ಲಿ ಇಲ್ಲ. ಕಲ್ಯಾಣದ ಚಾಳುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೂ ರಾಜನ ವಿನೋದಗಳ ಸಾಲಿನಲ್ಲಿ ಸೇಚನಕ್ರೀಡೆ, ತೋಯಕ್ರೀಡೆಗಳನ್ನು ವಿವರಿಸಿದ್ದಾನೆ. ಇದೂ ರಾಜಭೋಗದ ನೀರೇ.

ಕನ್ನಡದಲ್ಲಿ ಇದಕ್ಕೆ ಹೊರತಾದ ಒಂದು ಕೊಳವುಂಟು. ಅದು ರನ್ನನ ಗದಾಯುದ್ಧದಲ್ಲಿ ಬರುವ ವೈಶಂಪಾಯನ ಸರೋವರ. ಸೇನೆಯೆಲ್ಲ ಅಳಿದ ಮೇಲೆ ದುರ್ಯೋಧನನು ಜಲಮಂತ್ರದ ಬಲದಿಂದ ಅದರೊಳಗೆ ಅಡಗುತ್ತಾನೆ; ಭೀಮನ ಮೂದಲೆಯ ಮಾತುಗಳು ನೀರನ್ನು ಸೀಳಿಕೊಂಡು ಅವನಿಗೆ ತಾಗಿ, ನೀರೊಳಗಿದ್ದೂ ಅವನು ಬೆವರುವಂತಾಗುತ್ತದೆ. ಇಲ್ಲಿ ಜಲಕ್ರೀಡೆಯಿಲ್ಲ, ಅಂತಃಪುರವಿಲ್ಲ. ಅರಸನೊಬ್ಬನು ಎಲ್ಲವನ್ನೂ ಕಳೆದುಕೊಂಡು ಒಂಟಿಯಾಗಿ ನೀರಿಗೆ ಶರಣಾಗಿದ್ದಾನೆ. ಕಾರಿಂಜದ ಕಥೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಭೀಮನೂ ಅವನ ಗದೆಯೂ ಎರಡು ಕಡೆಯೂ ಉಂಟು. ಕಾವ್ಯದಲ್ಲಿ ಗದೆಯು ಕೊಳದಿಂದ ಶತ್ರುವನ್ನು ಹೊರಕ್ಕೆ ಕರೆತಂದು ತೊಡೆಯನ್ನು ಮುರಿಯುತ್ತದೆ. ಜನಪದದ ಕಥೆಯಲ್ಲಿ ಅದೇ ಗದೆಯು ಬಂಡೆಯನ್ನು ಮುರಿದು ಬಾಯಾರಿದವರಿಗೆ ನೀರನ್ನು ಹೊರಕ್ಕೆ ತರುತ್ತದೆ. ಕಾವ್ಯದ ಭೀಮನನ್ನು ಬಲ್ಲ ವಿದ್ಯಾರ್ಥಿಗಳಿಗೆ ಕಾರಿಂಜದ ಭೀಮನನ್ನೂ ತೋರಿಸಿಕೊಟ್ಟರೆ, ಒಂದೇ ಪಾತ್ರವನ್ನು ರಾಜಸಭೆಯೂ ಊರ ಜನವೂ ಬೇರೆ ಬೇರೆ ಅಗತ್ಯಕ್ಕೆ ಬಳಸಿಕೊಂಡ ಬಗೆ ಅವರ ಮನಸ್ಸಿಗೆ ಹತ್ತುವುದು.

5

ಹಾಗಾದರೆ ಅರಸನದಲ್ಲದ ನೀರು ಯಾರದು? ಈ ಪ್ರಶ್ನೆಗೆ ಉತ್ತರವನ್ನು ಕಾವ್ಯದಲ್ಲಿ ಹುಡುಕುವುದಕ್ಕಿಂತ ಧರ್ಮಶಾಸ್ತ್ರದಲ್ಲಿ ಹುಡುಕುವುದು ಮೇಲು. ಯಾಜ್ಞವಲ್ಕ್ಯಸ್ಮೃತಿಯ ಆಚಾರಾಧ್ಯಾಯದಲ್ಲಿ ಸ್ನಾನವನ್ನು ಕುರಿತು ಒಂದು ವಿಧಿಯಿದೆ. ಪರರ ನೀರಿನಲ್ಲಿ ಮೀಯುವವನು ಮೊದಲು ಐದು ಹಿಡಿ ಕೆಸರನ್ನು ಎತ್ತಿ ಹೊರಕ್ಕೆ ಹಾಕಬೇಕು, ಹಾಗೆ ಮಾಡದೆ ಮೀಯಬಾರದು. ನದಿ, ದೇವಖಾತ, ಮಡು, ಒರತೆ ಇವುಗಳಲ್ಲಿಯಾದರೆ ಮೀಯಬಹುದು, ಎಂಬುದು ಅದರ ತಾತ್ಪರ್ಯ. ಮನುಸ್ಮೃತಿಯ ನಾಲ್ಕನೆಯ ಅಧ್ಯಾಯದಲ್ಲಿಯೂ ಪರರ ಕೊಳದಲ್ಲಿ ಮಿಂದವನಿಗೆ ಅದನ್ನು ತೋಡಿಸಿದವನ ಪಾಪದ ಪಾಲು ತಗಲುವುದೆಂಬ ಎಚ್ಚರಿಕೆಯಿದೆ. ಐದು ಹಿಡಿ ಕೆಸರಿನ ವಿಧಿಯನ್ನು ಲೌಕಿಕದೃಷ್ಟಿಯಿಂದ ನೋಡಿದರೆ, ಮೀಯುವ ಪ್ರತಿಯೊಬ್ಬನೂ ಕೊಳದ ಹೂಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುವಂತೆ ಮಾಡುವ ಉಪಾಯವಾಗಿಯೂ ಅದು ತೋರುತ್ತದೆ. ನೀರನ್ನು ಬಳಸಿದವನು ನೀರಿಗೆ ಸಾಲಗಾರನೆಂಬ ಭಾವ ಅದರಲ್ಲಿದೆ.

ಇಲ್ಲಿ 'ಪರರ ನೀರು' ಎಂದರೆ ಯಾವುದು? ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ಅದನ್ನು ಸ್ಪಷ್ಟಪಡಿಸುತ್ತಾನೆ. ಸಕಲ ಪ್ರಾಣಿಗಳನ್ನು ಉದ್ದೇಶಿಸಿ ಒಡೆಯನು ಬಿಟ್ಟುಕೊಡದೆ ಇರುವ ಕೆರೆ ಮೊದಲಾದುವು ಮಾತ್ರ ಪರರ ನೀರು, ಎಂಬುದು ಅವನ ವಿವರಣೆ. ಎಂದರೆ, ಒಬ್ಬನು ಹಣ ಕೊಟ್ಟು ತೋಡಿಸಿದ ಕೆರೆಯನ್ನು ವಿಧಿಪೂರ್ವಕವಾಗಿ ಉತ್ಸರ್ಗ ಮಾಡಿದ ಮೇಲೆ ಅದು ಅವನದಲ್ಲ, ಎಲ್ಲ ಜೀವಿಗಳದು. ವಿಜ್ಞಾನೇಶ್ವರನು ಕಲ್ಯಾಣದಲ್ಲಿ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿದ್ದವನು. ಮಾನಸೋಲ್ಲಾಸವನ್ನು ಬರೆದ ಸೋಮೇಶ್ವರನು ಅದೇ ವಿಕ್ರಮಾದಿತ್ಯನ ಮಗ. ಕನ್ನಡನಾಡಿನ ಒಂದೇ ಆಸ್ಥಾನದಲ್ಲಿ, ಒಂದು ತಲೆಮಾರಿನ ಅಂತರದಲ್ಲಿ, ರಾಜನ ಕ್ರೀಡೆಯ ನೀರನ್ನು ಕುರಿತ ಗ್ರಂಥವೂ ಸರ್ವಪ್ರಾಣಿಗಳ ನೀರನ್ನು ಕುರಿತ ವ್ಯಾಖ್ಯಾನವೂ ಹುಟ್ಟಿದುವು. ಸಾಹಿತ್ಯಚರಿತ್ರೆಯಲ್ಲಿ ಮೊದಲನೆಯದಕ್ಕೆ ಸಿಕ್ಕಿದ ಗಮನ ಎರಡನೆಯದಕ್ಕೆ ಸಿಕ್ಕಿಲ್ಲವೆಂದು ನಮಗೆ ತೋರುತ್ತದೆ.

ಶಾಸನಗಳೂ ಈ ಉತ್ಸರ್ಗದ ಮನೋಧರ್ಮವನ್ನೇ ಸಾರುತ್ತವೆ. 5ನೆಯ ಶತಮಾನದ ತಾಳಗುಂದದ ಸ್ತಂಭಶಾಸನದಲ್ಲಿ ಕದಂಬ ಕಾಕುಸ್ಥವರ್ಮನು ಶಿವಾಲಯದ ಸಮೀಪದಲ್ಲಿ ತಟಾಕವನ್ನು ಕಟ್ಟಿಸಿದ ಸಂಗತಿ ಕುಬ್ಜನೆಂಬ ಕವಿಯ ಸಂಸ್ಕೃತಕಾವ್ಯವಾಗಿ ನಿಂತಿದೆ. ವಿಜಯನಗರದ ಕಾಲದ ಲಕ್ಷ್ಮೀಧರಾಮಾತ್ಯನ ಶಾಸನವನ್ನು ಕನ್ನಡ ಅಧ್ಯಾಪಕರೆಲ್ಲರೂ ಬಲ್ಲರು. ತಾಯಿಯು ಹಾಲೂಡುವಾಗಲೇ ಮಗುವಿನ ಕಿವಿಯಲ್ಲಿ ಉಸಿರಿದ ಬುದ್ಧಿವಾದದಲ್ಲಿ ಕೆರೆಯನ್ನು ಕಟ್ಟಿಸುವುದು ಮೊದಲನೆಯದು. ಅದೇ ಉಸಿರಿನಲ್ಲಿ, ಸೆರೆಗೆ ಸಿಕ್ಕಿದ ಅನಾಥರನ್ನು ಬಿಡಿಸಬೇಕೆಂಬ ಮಾತೂ ಬರುತ್ತದೆ. ಈ ಎರಡು ಮಾತುಗಳ ನೆರೆಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಪ್ರಾರ್ಥನೆ. ಮುಂದೆ ಅದಕ್ಕೆ ಬರಬೇಕಾಗಿದೆ.

ಈಗ ಗದಾತೀರ್ಥದ ಕಥೆಯ ಅರ್ಥವು ಮತ್ತಷ್ಟು ತಿಳಿಯಾಗುವುದು. ಮನುಷ್ಯನೊಬ್ಬನು ತೋಡಿಸಿದ ಕೆರೆಯಾದರೆ ಅವನು ಅದನ್ನು ಬಿಟ್ಟುಕೊಟ್ಟನೋ ಇಲ್ಲವೋ ಎಂಬ ವಿಚಾರ ಏಳುತ್ತದೆ. ಭೀಮನು ಗದೆಯಿಂದ ಅಪ್ಪಳಿಸಿ ತೆರೆದ ಕೊಳಕ್ಕೆ ಆ ಪ್ರಶ್ನೆಯೇ ಇಲ್ಲ. ಅದು ಸ್ಮೃತಿಕಾರರ ದೇವಖಾತಕ್ಕೆ ಸಮಾನ. ಭೀಮನಿಗಾಗಲಿ ಅರ್ಜುನನಿಗಾಗಲಿ ಆ ಊರಿನಲ್ಲಿ ವಾರಸುದಾರರಿಲ್ಲ. ನಮ್ಮ ನಾಡಿನ ಅಸಂಖ್ಯಾತ ಕೊಳಗಳನ್ನು ಪಾಂಡವರೋ ರಾಮಲಕ್ಷ್ಮಣರೋ ಮಾಡಿದರೆಂದು ಜನ ಹೇಳುವುದರಲ್ಲಿ ಭಕ್ತಿಯ ಜೊತೆಗೆ ಈ ವ್ಯವಹಾರಜ್ಞಾನವೂ ಅಡಗಿರಬಹುದೆಂದು ನಾವು ಊಹಿಸುತ್ತೇವೆ. ಒಡೆಯನನ್ನು ಪುರಾಣಕ್ಕೆ ಕಳುಹಿಸಿಬಿಟ್ಟರೆ ನೀರು ಊರಿಗೆ ಉಳಿಯುತ್ತದೆ.

6

ಇಷ್ಟು ಹೇಳಿ ನಿಲ್ಲಿಸಿದರೆ ಸತ್ಯದ ಅರ್ಧವನ್ನು ಮಾತ್ರ ಹೇಳಿದಂತಾಗುವುದು. 'ಸಕಲ ಪ್ರಾಣಿಗಳು' ಎಂಬ ಮಾತು ವ್ಯಾಖ್ಯಾನದಲ್ಲಿತ್ತು. ದಡದ ಮೇಲೆ ಇರಲಿಲ್ಲ. ದನಕರುಗಳು ಇಳಿದು ನೀರು ಕುಡಿಯಬಹುದಾಗಿದ್ದ ಕೆರೆಗಳಿಗೆ ಅಸ್ಪೃಶ್ಯರೆಂದು ಕರೆಸಿಕೊಂಡ ಮನುಷ್ಯರು ಇಳಿಯುವಂತಿರಲಿಲ್ಲ. ವಿಜ್ಞಾನೇಶ್ವರನ ಕಾಲದ ಸಮಾಜವೂ ಈ ನಿಷೇಧವನ್ನು ಪ್ರಶ್ನಿಸಿತೆಂದು ನಾವು ಹೇಳಲಾರೆವು.

ಈ ವಿರೋಧವನ್ನು ದಕ್ಷಿಣ ಕನ್ನಡದ ನೆಲದಿಂದಲೇ ಎತ್ತಿ ತೋರಿಸಿದ ಕೃತಿ ಶಿವರಾಮ ಕಾರಂತರ 'ಚೋಮನ ದುಡಿ' (1933). ಚೋಮನ ಎಳೆಯ ಮಗ ನೀಲನು ನೀರಿನಲ್ಲಿ ಮುಳುಗುತ್ತಾನೆ. ಹತ್ತಿರದಲ್ಲಿ ಜನರಿದ್ದಾರೆ, ಈಜಬಲ್ಲವರೂ ಇದ್ದಾರೆ. ಆದರೆ ಹುಡುಗನು ಹೊಲೆಯನೆಂಬ ಕಾರಣದಿಂದ ಅವನನ್ನು ಮುಟ್ಟಿ ಎತ್ತುವ ಕೈ ಸಿಕ್ಕದೆ ಹೋಗುತ್ತದೆ. ಭೂಮಿಯನ್ನು ಬೇಡಿದ ಚೋಮನ ಕಥೆಯೆಂದೇ ನಾವು ಈ ಕಾದಂಬರಿಯನ್ನು ಸಾಮಾನ್ಯವಾಗಿ ಪಾಠ ಹೇಳುತ್ತೇವೆ. ಅದು ನ್ಯಾಯವೂ ಹೌದು. ಆದರೆ ಅದು ನೀರಿನ ಕಥೆಯೂ ಆಗಿದೆ. ಅಷ್ಟಾದಶವರ್ಣನೆಗಳ ಜಲಕೇಳಿಯನ್ನು ಒಂದು ಕಡೆಯೂ ನೀಲನ ಸಾವನ್ನು ಇನ್ನೊಂದು ಕಡೆಯೂ ಇಟ್ಟು ನೋಡಿದವನಿಗೆ ಕನ್ನಡ ಸಾಹಿತ್ಯವು ಸಾವಿರ ವರ್ಷಗಳಲ್ಲಿ ನಡೆದು ಬಂದ ದೂರವು ಗೊತ್ತಾಗುವುದು. ಈ ಕಾದಂಬರಿಯನ್ನು 1975ರಲ್ಲಿ ಚಲಚ್ಚಿತ್ರವಾಗಿ ನಿರ್ದೇಶಿಸಿದ ಬಿ. ವಿ. ಕಾರಂತರು ಹುಟ್ಟಿದ್ದು ಇದೇ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಎಂಬುದೂ ಇಲ್ಲಿ ಸ್ಮರಣೀಯ.

ಕಾದಂಬರಿಯಲ್ಲಿ ಬಂದ ಪ್ರಶ್ನೆಯು ಆ ವೇಳೆಗೆ ಬೀದಿಯಲ್ಲಿಯೂ ಎದ್ದಿತ್ತು. 1927ನೆಯ ಮಾರ್ಚ್ 20ರಂದು ಡಾಕ್ಟರ್ ಅಂಬೇಡ್ಕರ್ ಅವರು ಕೊಂಕಣದ ಮಹಾಡ್ ಎಂಬ ಪಟ್ಟಣದಲ್ಲಿ ಸಹಸ್ರಾರು ಜನರೊಡನೆ ನಡೆದು ಹೋಗಿ ಚವದಾರ್ ಕೆರೆಯ ನೀರನ್ನು ಕುಡಿದರು. ಸಾರ್ವಜನಿಕ ಜಲಾಶಯಗಳು ಎಲ್ಲರಿಗೂ ತೆರೆದಿರಬೇಕೆಂದು 1923ರಲ್ಲಿಯೇ ಮುಂಬಯಿಯ ಶಾಸನಸಭೆ ನಿರ್ಣಯ ಮಾಡಿದ್ದರೂ ಅದು ಕಾಗದದ ಮೇಲೆಯೇ ಉಳಿದಿತ್ತು. ಆ ಕೆರೆಯ ವ್ಯಾಜ್ಯವು ಹತ್ತು ವರ್ಷ ನಡೆದು 1937ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ಅಂಬೇಡ್ಕರ್ ಅವರ ಪಕ್ಷಕ್ಕೆ ಅನುಕೂಲವಾಗಿ ತೀರ್ಮಾನವಾಯಿತು. ದಕ್ಷಿಣ ಕನ್ನಡವು 1956ರವರೆಗೆ ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ, ನಮ್ಮ ಈ ಸೀಮೆಗೆ ಅನ್ವಯಿಸಿದ್ದು 1938ರ ಮದರಾಸು ನಾಗರಿಕ ಅನರ್ಹತಾ ನಿವಾರಣಾ ಶಾಸನ. ಹೊಳೆ, ಬಾವಿ, ಕೆರೆ ಮೊದಲಾದ ಸಾರ್ವಜನಿಕ ಸ್ಥಳಗಳಿಂದ ಯಾರನ್ನೂ ಜಾತಿಯ ಕಾರಣದಿಂದ ತಡೆಯಕೂಡದೆಂದು ಅದು ವಿಧಿಸಿತು.

1950ನೆಯ ಜನವರಿ 26ರಂದು ಜಾರಿಗೆ ಬಂದ ಭಾರತ ಸಂವಿಧಾನದ 15ನೆಯ ಅನುಚ್ಛೇದದಲ್ಲಿ ಬಾವಿ, ಕೆರೆ, ಸ್ನಾನಘಟ್ಟಗಳ ಹೆಸರುಗಳು ಪ್ರತ್ಯೇಕವಾಗಿ ಬರುತ್ತವೆ. ರಾಜ್ಯದ ಹಣದಿಂದ ಪೂರ್ಣವಾಗಿಯಾಗಲಿ ಭಾಗಶಃ ಆಗಲಿ ಪೋಷಿತವಾದ, ಅಥವಾ ಸಾರ್ವಜನಿಕರ ಉಪಯೋಗಕ್ಕಾಗಿ ಸಮರ್ಪಿತವಾದ ಇಂಥ ಸ್ಥಳಗಳಿಗೆ ಯಾವ ಪ್ರಜೆಯನ್ನೂ ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಬಾರದಂತೆ ಮಾಡಕೂಡದು. ಒಂದು ಜಗತ್ತಿನ ಮೂಲವಿಧಿಯಲ್ಲಿ ಮೀಯುವ ಮೆಟ್ಟಿಲಿಗೆ ಸ್ಥಾನ ಸಿಕ್ಕಬೇಕಾದರೆ ಆ ಮೆಟ್ಟಿಲಿನ ಮೇಲೆ ಎಷ್ಟು ಅನ್ಯಾಯ ನಡೆದಿರಬೇಕೆಂಬುದನ್ನು ಊಹಿಸಬಹುದು. ಇನ್ನೊಂದು ಸಂಗತಿಯೂ ಇಲ್ಲಿ ಗಮನಾರ್ಹ. ಸಂವಿಧಾನದ 'ಸಮರ್ಪಿತ'ವೆಂಬ ಭಾವವು ವಿಜ್ಞಾನೇಶ್ವರನ ಉತ್ಸರ್ಗದ ಭಾವಕ್ಕೆ ಅತ್ಯಂತ ಸಮೀಪವಾದುದು. ಎಂಟು ಶತಮಾನಗಳಿಗೂ ಹೆಚ್ಚಿನ ಅಂತರದಲ್ಲಿ ಎರಡು ಗ್ರಂಥಗಳೂ ಒಂದೇ ಮಾತನ್ನು ಹೇಳುತ್ತವೆ: ಬಿಟ್ಟುಕೊಟ್ಟ ನೀರು ಎಲ್ಲರದು. ಮೊದಲನೆಯ ಗ್ರಂಥವು 'ಎಲ್ಲರು' ಎಂಬುದರ ಲೆಕ್ಕವನ್ನು ವಾಚಕರ ಪದ್ಧತಿಗೆ ಬಿಟ್ಟಿತು. ಎರಡನೆಯದು ಆ ಲೆಕ್ಕವನ್ನು ಒಂದೊಂದಾಗಿ ಹೆಸರಿಸಿ ಬರೆಯಿತು.

7

ಈಗಿನ ಸ್ಥಿತಿಯನ್ನು ಕುರಿತು ಒಂದೆರಡು ಮಾತು. ಬಾದಾಮಿಯ ಸಮೀಪದ ಮಹಾಕೂಟದಲ್ಲಿ ಒರತೆಯ ನೀರಿನಿಂದ ತುಂಬಿದ ವಿಷ್ಣುಪುಷ್ಕರಣಿಯಿದೆ. ಚಾಳುಕ್ಯರ ಕಾಲದ ಗುಡಿಗಳ ನಡುವೆ ಇರುವ ಆ ಕೊಳದಲ್ಲಿ ಮಕ್ಕಳೂ ದೊಡ್ಡವರೂ ಇಂದಿಗೂ ಧುಮುಕಿ ಈಜುವುದನ್ನು ಕಾಣಬಹುದು. ಅಲ್ಲಿ ತೀರ್ಥಸ್ನಾನವೂ ಜಲಕ್ರೀಡೆಯೂ ಬೇರೆಬೇರೆಯಾಗಿ ಉಳಿದಿಲ್ಲ. ಅರಸನ ವಿನೋದವು ಜನರದಾಗಿದೆ. ಮಂಗಳೂರಿನ ಎಮ್ಮೆಕೆರೆಯಲ್ಲಿ 2023ರಲ್ಲಿ ಅಂತರರಾಷ್ಟ್ರೀಯ ಮಟ್ಟದ ಈಜುಕೊಳವೊಂದು ತೆರೆಯಿತು; ಎಮ್ಮೆಯ ಹೆಸರು ಹೊತ್ತ ಕೆರೆಯ ಜಾಗದಲ್ಲಿ ಈಗ ಸ್ಪರ್ಧಾಳುಗಳು ಅಭ್ಯಾಸ ಮಾಡುತ್ತಾರೆ. ಇವೆರಡೂ ಸಂತೋಷದ ಸಂಗತಿಗಳೇ.

ಆದರೆ ಹಳೆಯ ಕೊಳಕ್ಕೂ ಹೊಸ ಕೊಳಕ್ಕೂ ಇರುವ ಒಂದು ಭೇದವನ್ನು ಮರೆಯಬಾರದು. ಹೊಸ ಕೊಳದಲ್ಲಿ ಮುಳುಗುವವನನ್ನು ಎತ್ತುವುದಕ್ಕಾಗಿ ಸಂಬಳದ ಮೇಲೆ ಜೀವರಕ್ಷಕನೊಬ್ಬನಿರುತ್ತಾನೆ. ಕಾರಿಂಜದಂಥ ಕೊಳದಲ್ಲಿ ಆ ಕೆಲಸ ಪಕ್ಕದಲ್ಲಿ ಮೀಯುತ್ತಿರುವವನದು. ತೀರ್ಥಸ್ನಾನಕ್ಕೆ ಈಜು ಬರಬೇಕೆಂಬ ನಿಯಮವಿಲ್ಲ. ಮೂರು ಮುಳುಗು ಹಾಕಿದರೆ ಸಾಕು. ಆದುದರಿಂದ ಆಟಿ ಅಮಾವಾಸ್ಯೆಯ ಜನಸಂದಣಿಯಲ್ಲಿ ಈಜು ತಿಳಿಯದವರೇ ಬಹಳ. ಪಾಚಿಗಟ್ಟಿದ ಮೆಟ್ಟಿಲಿನ ಮೇಲೆ ಕಾಲು ಜಾರಿದ ಮುದುಕಿಯೊಬ್ಬಳ ತೋಳನ್ನು ಹಿಡಿಯುವವನು ಅವಳ ಊರು ಕುಲಗಳನ್ನು ಕೇಳಿ ಹಿಡಿಯುವುದಕ್ಕೆ ಅವಕಾಶವಿರುವುದಿಲ್ಲ. ನೀಲನಿಗೆ ಸಿಕ್ಕದ ಕೈ ಅದೇ.

ಆದಕಾರಣ ಒಂದು ಜಲಾಶಯವು ಸಾರ್ವಜನಿಕವೋ ಅಲ್ಲವೋ ಎಂಬುದನ್ನು ನಿರ್ಣಯಿಸಲು ಗೋಡೆಯುಂಟೇ, ಹಣ ತೆರಬೇಕೇ, ಒಡೆಯನು ಯಾರು ಎಂಬಿಷ್ಟನ್ನೇ ಕೇಳಿದರೆ ಸಾಲದೆಂದು ನಮ್ಮ ಅಭಿಪ್ರಾಯ. ಅಲ್ಲಿ ಮುಳುಗುತ್ತಿರುವ ಯಾರಿಗಾದರೂ ದಡದಲ್ಲಿರುವ ಯಾರಾದರೂ ಕೈ ಕೊಡುವರೇ ಎಂದು ಕೇಳಬೇಕು. ಲಕ್ಷ್ಮೀಧರಾಮಾತ್ಯನ ತಾಯಿಯು ಕೆರೆಯನ್ನು ಕಟ್ಟಿಸೆಂದ ಉಸಿರಿನಲ್ಲಿಯೇ ಸಿಕ್ಕಿಬಿದ್ದ ಅನಾಥರನ್ನು ಬಿಡಿಸೆಂದು ಹೇಳಿದುದರ ತಾತ್ಪರ್ಯವೂ ಇದಕ್ಕೆ ದೂರವಾದುದಲ್ಲ. ಕಲ್ಲು ಹಾಸಿ ನೀರು ನಿಲ್ಲಿಸುವುದು ಮೊದಲನೆಯ ಕೆಲಸ. ಆ ನೀರಿನಲ್ಲಿ ಯಾರೂ ಅನಾಥರಾಗದಂತೆ ನೋಡಿಕೊಳ್ಳುವುದು ಎರಡನೆಯದು.

ಗದಾತೀರ್ಥವನ್ನು ನೋಡಲು ಹೋಗುವ ಅಧ್ಯಾಪಕರಿಗೆ ಕಡೆಯದಾಗಿ ಒಂದು ಸೂಚನೆ. ಗದಾಯುದ್ಧದ ಪಾಠವಾದ ಬಳಿಕ ವಿದ್ಯಾರ್ಥಿಗಳನ್ನು ಕರೆದುಕೊಂಡು ಬೇಸಗೆಯ ಕೊನೆಯಲ್ಲಿ ಹೋಗುವುದು ಒಳ್ಳೆಯದು. ನೀರು ಇಳಿದು ದಡವು ಹೆಚ್ಚಾಗಿ ಕಾಣುತ್ತದೆ, ಬೆಟ್ಟದ ಮೆಟ್ಟಿಲುಗಳೂ ಜಾರುವುದಿಲ್ಲ. ಮತ್ತೆ ಆಟಿಯಲ್ಲಿ ಹೋದರೆ ಅದೇ ಕೊಳವು ತುಂಬಿ ಬೇರೆಯಾಗಿ ತೋರುವುದು. ನೀರಿಗಿಳಿಯುವ ಮೊದಲು ಐದು ಹಿಡಿ ಕೆಸರನ್ನಲ್ಲದಿದ್ದರೂ, ಯಾತ್ರಿಕರು ಬಿಟ್ಟುಹೋದ ಕಾಗದ, ಹಾಳೆ, ಬಟ್ಟೆಗಳಲ್ಲಿ ಐದನ್ನಾದರೂ ಹೆಕ್ಕಿ ದೂರ ಹಾಕಿದರೆ ಯಾಜ್ಞವಲ್ಕ್ಯನ ವಿಧಿಯು ಸಂದಂತಾಗುವುದು.